ಗುಂಡಿ ಬಿಡುವ ಮುನ್ನ

ಮೊದಲ ತಿಂಗಳು ಬೊಳ್ಳಮ್ಮ ಸೆಟ್ಟು ಮುಟ್ಟಗೊಡಲಿಲ್ಲ.
"ಕೇಳು" ಎಂದರು, ಅಷ್ಟೆ.
ಸಿದ್ದಾಪುರದ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಮೂವತ್ತೊಂದು ವರ್ಷ ಹೆಡ್‌ಫೋನು ಹೊತ್ತ ಕಿವಿ ಅವರದು;
ಯಾರದೋ ಸಾವು, ಯಾರದೋ ಕಾಫಿ ದರ
ಒಂದೇ ತಂತಿಯಲ್ಲಿ ದಾಟಿಸಿ
ಒಂದು ಹನಿ ಹೊರಗೆ ಚೆಲ್ಲದವರು.
ನಾನು ಪಂಕ್ಚರ್ ಅಂಗಡಿಯ ಸುಬೇರ್.
ಟ್ಯೂಬನ್ನು ನೀರಿಗದ್ದಿ
ಗುಳ್ಳೆ ಎಲ್ಲೇಳುತ್ತದೆಂದು ಕಾಯುವುದು ಗೊತ್ತಿತ್ತು.
ಕೇಳುವುದೂ ಹಾಗೇ ಅಂತೆ:
ಸದ್ದಿಲ್ಲದ ಕಡೆಯೂ ಯಾರೋ ಇರಬಹುದು,
ತಡಿ, ಇನ್ನೊಂದು ಉಸಿರು ತಡಿ.

ನಿಯಮಗಳನ್ನು ಬಾಯಿಪಾಠ ಮಾಡಿಸಿದರು.
ಮದ್ರಸ ಬಿಟ್ಟ ಮೇಲೆ ನಾನು ಹಾಗೆ ಓದಿದ್ದಿಲ್ಲ.
ಕರೆಹೆಸರು ಹೇಳದೆ ಮಾತಿಗಿಳಿಯಬಾರದು.
ಹಾಡು ಹಾಕಬಾರದು, ವ್ಯಾಪಾರ ಕೂಡದು,
ಗುಟ್ಟಿನ ಭಾಷೆ ಕೂಡದು, ಪೈಸೆ ಮುಟ್ಟಬಾರದು.
"ಹಾಗಾದರೆ ಇದರಲ್ಲಿ ಉಳಿಯಿತೇನು, ಅಮ್ಮ?"
ಕನ್ನಡಕದ ಮೇಲಿಂದ ನೋಡಿದರು:
"ಎಲ್ಲರದೂ ಒಂದೇ ಗಾಳಿ ಮಾರಾಯ,
ಸಂತೆದಾರಿಯಲ್ಲಿ ಅಡ್ಡ ಮಲಗಿದ ಎಮ್ಮೆ ಆಗಬೇಡ."

ಪರೀಕ್ಷೆ ಬರೆದೆ. ಪೊಲೀಸರು ವಿಚಾರಿಸಲು ಮನೆಗೆ ಬಂದರು,
ಉಮ್ಮ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.
ಆಮೇಲೆ ದಿಲ್ಲಿಯಿಂದ ಲಕೋಟೆ:
ವಿ ಯು ತ್ರೀ, ಮುಂದೆ ಮೂರಕ್ಷರ.
ಅಪ್ಪ ಇಟ್ಟ ಹೆಸರಿಗಿಂತ
ಅದನ್ನೇ ಹೆಚ್ಚು ಸಲ ಬರೆದು ನೋಡಿದೆ.

"ಇಪ್ಪತ್ತು ಅನ್ನಬೇಡ, ಗೊರಗೊರದಲ್ಲಿ ಎಪ್ಪತ್ತಾಗುತ್ತದೆ.
ಎರಡು, ಸೊನ್ನೆ ಅನ್ನು.
ಗುಂಡಿ ಒತ್ತು, ಒಂದು ಎಣಿಸು, ಆಮೇಲೆ ಬಾಯಿ ತೆರೆ.
ಮಾತು ಮುಗಿಸು, ಒಂದು ಎಣಿಸು, ಆಮೇಲೆ ಬೆರಳು ತೆಗೆ."
ಮೊದಲ ಅರ್ಧ ಕಲಿತೆ.

ಮಾರ್ಚಿಯಲ್ಲಿ, ಕಾಫಿ ಹೂಬಿಟ್ಟ ವಾರ,
ತೋಟಗಳ ನಡುವೆ ಓಟದ ಪಂದ್ಯ.
ಮೊಬೈಲ್ ಸಿಗದ ಏಳು ತಿರುವಿಗೆ ನಾವು ಏಳು ಮಂದಿ.
ನಾಲ್ಕನೆಯದು ನನ್ನದು, ಮಾಲ್ದಾರೆಯ ಆಚೆ ಹಲಸಿನ ಬುಡ.
ಏಳೂ ಹತ್ತಕ್ಕೆ ಬೇಲಿ ಮುರಿದು ಬಂತು, ಒಂಟಿ.
ರಸ್ತೆಯ ನಡುವೆ ನಿಂತು ಕಿವಿ ಬೀಸಿತು.
ಅಂಗೈ ಬೆವರು, ಬಾಯಿ ಒಣಕಲು.
"ಆನೆ ರಸ್ತೆ ದಾಟಿಲ್ಲ" ಎಂದೆ.
ಎಂದೆ ಅಂದುಕೊಂಡೆ.

ಮೂರನೇ ತಿರುವಿನ ತಮ್ಮಯ್ಯನಿಗೆ ಮುಟ್ಟಿದ್ದು
"ಆನೆ ರಸ್ತೆ ದಾಟಿ".
ಉಳಿದದ್ದನ್ನು ಅವನೇ ತುಂಬಿಕೊಂಡ,
ನಾವೆಲ್ಲ ಬಿಟ್ಟ ಜಾಗ ತುಂಬಿಕೊಳ್ಳುವ ಹಾಗೆ,
ಬೇಕಾದದ್ದರಿಂದ.
ಹಗ್ಗ ಇಳಿಸಿದ.

ಎದೆಯ ಮೇಲೆ ನೂರಾ ಹದಿನಾಲ್ಕು ಅಂಟಿಸಿಕೊಂಡ ಹುಡುಗಿ
ಹೂವಿನ ಆ ದಟ್ಟ ವಾಸನೆ ಸೀಳಿಕೊಂಡು ಬಂದಳು.
ಕೂಗುವ ಹಾಗಿಲ್ಲ. ಎರಡೂ ಕೈ ಎತ್ತಿದೆ.
ನಿಂತಳು. ಅವಳ ಏದುಸಿರು ನನಗೆ ಕೇಳುತ್ತಿತ್ತು,
ಅದಕ್ಕೂ ಕೇಳುತ್ತಿತ್ತೇನೋ.
ಆಗ ಮುಷ್ಟಿಯೊಳಗೆ ಸಣ್ಣ ದನಿ, ಅವಸರವಿಲ್ಲದ್ದು:
"ನಾಲ್ಕು, ಕೊನೆಯ ಮಾತು ತುಂಡಾಯಿತು. ಮತ್ತೆ ಹೇಳಿ."
ಇಪ್ಪತ್ತೊಂದು ಕಿಲೋಮೀಟರಿನಲ್ಲಿ ಒಬ್ಬರೇ,
ಬೊಳ್ಳಮ್ಮ, ಖಾಲಿ ಜಾಗವನ್ನು ಖಾಲಿ ಎಂದು ಕೇಳಿಸಿಕೊಂಡವರು.
ಒತ್ತಿದೆ. ಎಣಿಸಿದೆ. ಪಿಸುಗುಟ್ಟಿದೆ:
"ಇಲ್ಲ. ಆನೆ ದಾಟಿಲ್ಲ. ಓಟ ನಿಲ್ಲಿಸಿ."
ಎಣಿಸಿದೆ. ಬಿಟ್ಟೆ.
"ಆನೆ ದಾಟಿಲ್ಲ, ಓಟ ನಿಲ್ಲಿಸಿ. ಸರಿಯಾ?"
"ಸರಿ."
ಹನ್ನೊಂದು ನಿಮಿಷ ಕಳೆದು, ತನಗೆ ತೋಚಿದಾಗ, ಅದು ನಡೆಯಿತು.

ಸಂಜೆ ಪಂದ್ಯದವರು ಕವರು ನೀಡಿದರು.
ಬೊಳ್ಳಮ್ಮ ಹಿಂದೆ ತಳ್ಳಿ, ಟೀ ಮಾತ್ರ ತಗೊಂಡರು.
ನನಗೆ ಬೈಗುಳ ಬರಲಿಲ್ಲ, ಲಾಗ್ ಪುಸ್ತಕ ಬಂತು.
"ಹೊತ್ತು ಬರಿ. ನೀನು ಹೇಳಿದ್ದು ಬರಿ,
ತಮ್ಮಯ್ಯ ಕೇಳಿದ್ದೂ ಬರಿ, ಕೆಳಗೇ."
ಬರೆದೆ. ಎರಡು ಸಾಲು, ನಡುವೆ ಎರಡಕ್ಷರದ ಕಂದಕ.
"ಕನ್ನಡದಲ್ಲಿ ಇಲ್ಲ ಅನ್ನುವುದು ಬಾಲದಲ್ಲಿರುತ್ತದೆ ಸುಬೇರ.
ಆನೆ ಹೋಯಿತು, ಬಾಲ ಉಳಿಯಿತು ಅಂತಾರಲ್ಲ,
ನೀನು ಬಾಲ ಬಿಟ್ಟೆ, ಆನೆ ಉಳಿಯಿತು."
ನಕ್ಕರು. ಟೀ ಬಟ್ಟಲು ಮಾತ್ರ
ಅವರ ಕೈಯಲ್ಲಿ ಇನ್ನೂ ಸಣ್ಣಗೆ ನಡುಗುತ್ತಿತ್ತು.

ಕೊನೆಯ ಅಂಕಣ, ಷರಾ.
ಬಹಳ ಹೊತ್ತು ಪೆನ್ನು ಹಿಡಿದು ಕೂತು ಬರೆದೆ:
ಹುಡುಗಿ ನೀರು ಕೇಳಿದಳು. ಕೊಟ್ಟೆ.