ಮೂರು ಕಿವಿಯ ಗಾಡಿ

ಹಳೀ ಗಾಡಿಗೆ ಮೂರು ಕಿವಿ ಇದ್ದುವು.
ಒಂದು ಗಾಳಿಗೆ, ಒಂದು ಬಿಸಿಗೆ, ಒಂದು
ಗಾಳಿ ಮಾರಿಗೋ ಕಾಲಿಗೋ ಗಾಜಿಗೋ ಅನ್ನೂದಕ್ಕ.
ನಡುವಿನದರ ರಬ್ಬರು ಕಿತ್ತುಹೋಗಿ
ಹುಬ್ಬಳ್ಳಿ ಗದಗ, ಗದಗ ಹುಬ್ಬಳ್ಳಿ, ಹನ್ನೊಂದು ವರ್ಷದಾಗ
ನನ್ನ ಹೆಬ್ಬೆರಳಿನ ಆಕಾರಕ್ಕ ಸವದಿತ್ತು.
ಕಣ್ಣು ರಸ್ತಾದ ಮ್ಯಾಲೆ. ಕೈ ತನ್ನ ಪಾಡಿಗೆ ತಾ
ಹೋಗಿ ಕಿವಿ ಹಿಂಡಿ ಬರ್ತಿತ್ತು,
ಸಾಲಿನಾಗ ಹಾಯ್ದುಹೋಗೋ ಮಾಸ್ತರು
ತಿರುಗಿ ನೋಡದನ ಹಿಂಡಿದಂಗ.

ಹೊಸಾದು ತಂದ್ರು ಬಾಕಳೆ ಸಾಹುಕಾರರು.
ಡ್ಯಾಶ್‌ಬೋರ್ಡ್ ಅಂದ್ರ ಬರೇ ಗಾಜು,
ರೊಟ್ಟಿ ಹಂಚಿನಂಗ ಕರ್ರಗ, ನುಣ್ಣಗ.
"ನೋಡೋ ಹಜರತ, ಒಂದ ಒಂದು ಗುಂಡಿ ಇಲ್ಲ!"
ಅಂದ್ರು, ಹಲ್ಲು ಬರದ ಮೊಮ್ಮಗನ್ನ ತೋರಿಸಿದಂಗ.
ನಾನೂ ಹಿಗ್ಗಿದೆ, ಸುಳ್ಳು ಯಾಕ ಹೇಳಲಿ.
ಬಾಗಲಾ ತೆರದ್ರ ನೀಲಿ ದೀಪ,
ಸ್ಟ್ಯಾಂಡಿನಾಗ ಮಂದಿ ಬಗ್ಗಿ ಬಗ್ಗಿ ನೋಡ್ತಿದ್ರು.

ಮಾಗಿ ಥಂಡಿ. ಗದಗಿನ ಚನ್ನವೀರಯ್ಯ ಗವಾಯಿಗಳು
ಹುಬ್ಬಳ್ಳ್ಯಾಗ ಕಚೇರಿ ಮುಗಿಸಿ ನನ್ನ ಮಗ್ಗಲಕ ಕುಂತಿದ್ರು.
ಹುಟ್ಟಾ ಕಣ್ಣಿಲ್ಲ. ಹಳೀ ಗಾಡ್ಯಾಗ
ಗಾಳಿ ತಾವ ಹೊಂದಿಸ್ಕೊಳ್ತಿದ್ರು, ಕಟ್, ಕಟ್, ಎರಡು ಮನಿ ಎಣಿಸಿ.
ಆ ರಾತ್ರಿ ಕೈ ತೊಡಿ ಮ್ಯಾಲೆ ಇಟ್ಟು ಸುಮ್ಮನಿದ್ರು.

ಶಿರಗುಪ್ಪಿ ದಾಟಿದ್ವಿ. ಎರಿ ಹೊಲದ ಮಂಜು ಹೊರಗ,
ಒಳಗ ನಮ್ಮ ಉಸಿರು. ಗಾಜು ಬೆಳ್ಳಗ.
ಕೈ ಹೋತು ಕಿವಿಗೆ.
ಕಿವಿ ಇಲ್ಲ.
ಮನೀ ಚಿತ್ರ ಒತ್ತು, ಗಾಳಿ ಚಿತ್ರ ಒತ್ತು,
ಗುದ್ದಿನಾಗ ಬೆರಳು ಜಾರಿ ಹಾಡಿನ ಪಟ್ಟಿ ಬಂತು,
ಹಿಂದಕ್ಕ ಬಾ, ಮತ್ತ ಒತ್ತು,
ನೀಲಿ ಬೆಳಕು ಕಣ್ಣಾಗ ತುಂಬಿ ರಸ್ತಾ ಇನ್ನೂ ಕಪ್ಪಾತು.
ಎರಡ ಸೆಕೆಂಡು. ಎಂಬತ್ತರಾಗ ಹೊಂಟವಗ
ಎರಡು ಸೆಕೆಂಡಂದ್ರ
ನಾಕು ಲಾರಿ ಸಾಲಾಗಿ ನಿಂತಷ್ಟು ಉದ್ದ.

"ಮುಂದ ಏನೋ ಐತಿ," ಅಂದ್ರು ಗವಾಯಿಗಳು.
ಟ್ರ್ಯಾಕ್ಟರ್. ದೀಪ ಇಲ್ಲದ್ದು.
ಮನಿಯಷ್ಟ ಎತ್ತರ ಕಣಕಿ ಹೇರಿದ್ದು.
ತುಳದೆ ಬ್ರೇಕು.
ಒಂದು ಕಣಕಿ ದಂಟು ಜಾರಿ ಬಾನೆಟ್ಟಿನ ಮ್ಯಾಲೆ
ಬಂದು ಮಲಗಿತು. ಅಷ್ಟ.

ಅಣ್ಣಿಗೇರ್ಯಾಗ ಅರ್ಧ ಚಾ ಬಶಿಗೆ ಚೆಲ್ತು.
ಗವಾಯಿಗಳು ಒಳಗ ಕುಂತು ಗಾಜಿನ ಮ್ಯಾಲೆ
ಅಂಗೈ ಆಡಿಸಿದ್ರು, ಈ ಮೂಲಿಯಿಂದ ಆ ಮೂಲಿಗೆ.
ಯಾವುದೋ ಊರಿನ ಸುದ್ದಿ ಶುರುವಾತು, ಫ್ಯಾನು ಭೋರ್ ಅಂತು.
"ಹಜರತ, ಇದರ ಮುಂದ ನಾನೂ ನೀನೂ ಒಂದ.
ಫರಕ ಇಷ್ಟ, ನನಗ ಅದು ಗೊತ್ತೈತಿ."
ಆಮ್ಯಾಲೆ, ಗದಗ ಬರೂತನ, ಮತ್ತೊಂದ ಮಾತು:
"ಹಾರ್ಮೋನಿಯಮ್ಮಿನ ಕರೀ ಮನಿ ಯಾಕ ಎತ್ತರ ಮಾಡ್ಯಾರ?
ನೋಡಾಕ ಚಂದ ಕಾಣ್ಲಿ ಅಂತಲ್ಲ."

ಮರುದಿನ ಗ್ಯಾರೇಜಿನ ದುರ್ಗಪ್ಪನ ಕಡೆ
ಒಂಚೂರು ಎಂ-ಸೀಲ್ ಇಸ್ಕೊಂಡು
ಗಾಳಿ ಚಿತ್ರದ ಮಗ್ಗಲಕ ಕಡ್ಲಿಕಾಳಿನಷ್ಟು ಹಚ್ಚಿದೆ.
"ಹದಿನೆಂಟು ಲಕ್ಷದ ಮಾರಿಗೆ ಮೊಡವಿ!" ಸಾಹುಕಾರರು ಕೂಗಾಡಿದ್ರು.
ಮೊಡವಿ ಒಂದು ವಾರ ಕೆಲಸಕ್ಕ ಬಂತು.
ಒಂದು ರಾತ್ರಿ ಗಾಡಿ ತನಗ ತಾನ ಏನೋ ಇಳಿಸ್ಕೊಂತು,
ಬಲಕ್ಕಿದ್ದ ಗಾಳಿ ಎಡಕ್ಕ ಹೋತು.
ಮೊಡವಿ ಅಲ್ಲೇ,
ಹಾದಿ ಬ್ಯಾರೆ ಕಡೆ ತಿರುಗಿದ ಮ್ಯಾಲೂ
ಹೊಲದಾಗ ನಿಂತ ಮೈಲಿಗಲ್ಲಿನಂಗ.

ಈಗ ಊರು ಬಿಡೂ ಮೊದಲ ಗಾಡಿ ಬದಿಗೆ ಹಾಕಿ
ಎಲ್ಲಾ ಹೊಂದಿಸ್ತೀನಿ. ಹಿಂದಿನ ಸೀಟಿನವರು ಗಡಿಯಾರ ನೋಡ್ತಾರ.
"ತಂಬೂರಿ ಹೊಂದಸಾಕೂ ಹೊತ್ತು ಹಿಡೀತೈತಿ, ಕುಂಡ್ರಿ,"
ಅಂತಾರ ಗವಾಯಿಗಳು, ಅವರಿದ್ದ ದಿನ.
ಅವರಿಲ್ಲದ ದಿನ ನಾನು ಬೈಸ್ಕೋತೀನಿ.

ಆದ್ರೂ ನಲವಡಿ ಹತ್ರ ಮಂಜು ಕವದ್ರ
ಎಡಗೈ ಎದ್ದು ಹೋಗ್ತೈತಿ,
ಇಲ್ಲದ ಕಿವಿ ಹಿಂಡಿ ಬರ್ತೈತಿ.
ಹೋಗ್ಲಿ ಬಿಡು ಅಂತೀನಿ.
ಕಣ್ಣು ರಸ್ತಾ ಬಿಟ್ಟಿಲ್ಲಲ್ಲ.