ಅಸಲಿಗೆ

ಟೊಲೀಡೊದಲ್ಲಿ ಹಿಮ ಕರಗಿ ಮತ್ತೆ ಗಟ್ಟಿಯಾದ ವಾರ.
ಗಾಜಿನ ಕಾರ್ಖಾನೆ ಮುಚ್ಚಿ ಹನ್ನೊಂದು ತಿಂಗಳು.
ವರ್ನಾ ಪ್ರುಯಿಟ್ ಬೆಣ್ಣೆ ಸವರುವ ಚಾಕುವಿನಿಂದಲೇ
ಬ್ಯಾಂಕಿನ ಲಕೋಟೆ ಸೀಳಿದಳು.

ಕಂತು ಇನ್ನೂರ ಹದಿನಾಲ್ಕು ಡಾಲರ್ ಇಳಿಯುತ್ತದೆ,
ಅವಧಿ ನಲವತ್ತು ವರ್ಷಕ್ಕೆ ಏರುತ್ತದೆ.
ಬಾಕಿ ಬಡ್ಡಿ, ದಂಡ, ವಕೀಲರ ಫೀಸು
ಎಲ್ಲವೂ ಅಸಲಿಗೆ ಸೇರುತ್ತದೆ.
ಶುಕ್ರವಾರದೊಳಗೆ ಸಹಿ.

ಅಸಲಿಗೆ
ಇದು ದಯೆಯೋ?

ಗ್ಯಾಸ್ ಬಿಲ್ಲಿನ ಬೆನ್ನ ಮೇಲೆ ಕೂಡಿಸುತ್ತಾಳೆ:
ಐವತ್ತಮೂರಕ್ಕೆ ನಲವತ್ತು,
ತೊಂಬತ್ತಮೂರು.
ನಗು ಬಂತು.
ಅವಳ ತಾಯಿ ಅರವತ್ತೆಂಟು ದಾಟಲಿಲ್ಲ.
ಸಾಯುವುದಕ್ಕೂ ಪುರುಸೊತ್ತು ಕೊಟ್ಟಿಲ್ಲವಲ್ಲ ಇವರು!

‘ಬಿಟ್ಟುಬಿಡು, ನಾಲ್ಕು ಗೋಡೆ ತಾನೆ’
ಅಂದಿದ್ದ ತಮ್ಮ ರೋಸ್ಕೊ, ಫೋನಿನಲ್ಲಿ.
ನಾಲ್ಕಲ್ಲ, ಹದಿನೇಳು. ಎಣಿಸಿದ್ದಾಳೆ,
ಎಲ್ಲಕ್ಕೂ ಬಣ್ಣ ಬಳಿದವಳು ಅವಳೇ.
ಸಿಂಕಿನ ಮೇಲಿನ ಕಿಟಕಿಯ ಗಾಜು
ಅವಳ ಪಾಳಿಯಲ್ಲೇ ತಯಾರಾದದ್ದು;
ಮೂಲೆಯಲ್ಲೊಂದು ಗುಳ್ಳೆ ಉಳಿದು
ತಪಾಸಣೆಯಲ್ಲಿ ಬಿದ್ದುಹೋಗಿ
ಅರ್ಧ ಬೆಲೆಗೆ ಮನೆಗೆ ಬಂದದ್ದು.
ಆ ಗುಳ್ಳೆಯೊಳಗೆ ಹತ್ತು ವರ್ಷದ ಹಿಂದಿನ
ಕುಲುಮೆಯ ಉಸಿರು,
ಇನ್ನೂ ಇದೆ.

ಪೆನ್ನು ಕೈಗೆತ್ತಿಕೊಂಡಳು.
ಚಳಿಗೆ ಮಸಿ ಇಳಿಯಲೊಲ್ಲದು.
ಅಂಗೈಗಳ ನಡುವೆ ಉಜ್ಜಿ, ಬಾಯಿಂದ ಊದಿ,
ತೊಂಬತ್ತಮೂರರ ಸುತ್ತ
ಸುತ್ತುತ್ತಲೇ ಇದ್ದಾಳೆ, ಮಸಿ ಬರುವವರೆಗೆ.