ಒಂದಿಂಚು ಬಿಟ್ಟು

ಕೊಣನೂರಿನ ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ
ನಾವು ಹದಿನೇಳು ಜನ, ಒಂದು ಫ್ಯಾನು,
ಒಂದು ಮರದ ಹಲಗೆ, ಐದು ಕೆಜಿಯ ಕಬ್ಬಿಣದ ಬಟ್ಟು.
ಫಿಲೋಮಿನಾ ಸಿಸ್ಟರ್ ಮೊದಲು ಬಟ್ಟನ್ನೇ ತೂಗಿದರು.
ಐದೂ ಇನ್ನೂರು ಗ್ರಾಂ ಅಂದಿತು ತಕ್ಕಡಿ.
“ನೋಡ್ರಮ್ಮ, ಸುಳ್ಳು ಎಲ್ಲಿಂದ ಶುರುವಾಗುತ್ತೆ ಅಂತ.
ಕೂಸು ಇನ್ನೂ ಬಂದೇ ಇಲ್ಲ.”

ಎಲ್ಲರೂ ನಕ್ಕರು. ನಾನು ಸ್ವಲ್ಪ ತಡವಾಗಿ ನಕ್ಕೆ.

ಆಶಾ ಆಗುವ ಮುಂಚೆ ನಾನು ಹೊಲಿಯುತ್ತಿದ್ದೆ.
ಸಂತೆ ದಾರಿಯ ತಗಡಿನ ಅಂಗಡಿ, ಕಾಲಿನ ಮಿಷನ್ನು,
ಕೊರಳಲ್ಲಿ ತಾಳಿಯ ಮೇಲೊಂದು ಟೇಪು.
ಜೂನ್ ಬಂತೆಂದರೆ ಸ್ಕೂಲಿನ ಅಂಗಿಗೆ ಸಾಲು,
ಅಮ್ಮಂದಿರದೆಲ್ಲ ಒಂದೇ ಮಾತು:
“ಬೆಳೆಯೋ ಕೂಸು ಕಣಕ್ಕ, ಒಂದಿಂಚು ಬಿಟ್ಟು ಹೊಲಿ.”
ಬಿಡುತ್ತಿದ್ದೆ.
ಮಡಿಚಿ ಹೊಲಿದ ಅಂಚಿನೊಳಗೆ
ಮುಂದಿನ ವರ್ಷ ಕೂತಿರುತ್ತಿತ್ತು.

ಅಡುಗೆಯ ಜಯಶೀಲಳ ಮಗನನ್ನು ಹಲಗೆಯ ಮೇಲೆ ಮಲಗಿಸಿದರು.
ಒಬ್ಬರು ತಲೆ, ಒಬ್ಬರು ಕಾಲು.
ಜುಟ್ಟು ಬಿಚ್ಚಿ. ಕಾಲ್ಗೆಜ್ಜೆ ತೆಗೀರಿ.
ಮಂಡಿ ಒತ್ತಿ, ನೋಯಿಸಬೇಡಿ.
“ಬಗ್ಗಿ ಓದಬೇಡಿ, ಮಂಡಿಯೂರಿ,
ಕಣ್ಣು ಗೆರೆಗೆ ಸರಿಯಾಗಿ ಬರಲಿ.”
ದೇವರ ಮುಂದೆ ಊರುವಾಗ ಕಣ್ಣು ಮುಚ್ಚುತ್ತೇನೆ;
ಇಲ್ಲಿ ತೆರೆದಿರಬೇಕು.

ಒಬ್ಬರದೊಬ್ಬರು ನೋಡದೆ ಬರೆದೆವು.
ತೆಂಗಿನಮರದ ಕೇರಿಯ ನಾಗರತ್ನಳದು ಎಪ್ಪತ್ತೆಂಟು ಬಿಂದು ನಾಲ್ಕು,
ನನ್ನದು ಎಪ್ಪತ್ತೊಂಬತ್ತು.
ಅದೇ ಹಲಗೆ, ಅದೇ ಮಗು, ಅದೇ ಅಳು.
ಸಿಸ್ಟರ್ ನನ್ನ ಹಳೆಯ ರಿಜಿಸ್ಟರನ್ನೂ ತಿರುವಿದರು,
ಬೆರಳು ಇಳಿಯಿತು, ಇಳಿಯಿತು, ನಿಂತಿತು.
“ದ್ಯಾವಮ್ಮ, ನಿಮ್ಮೂರ ಮಕ್ಕಳು
ಸೊನ್ನೆಗೆ ಇಲ್ಲಾಂದ್ರೆ ಐದಕ್ಕೇ ನಿಲ್ತಾರಾ?”

ಆ ಪುಟದಲ್ಲಿ ಚುಕ್ಕಿ ಇದ್ದಳು.
ತಂಬಾಕಿನ ಬ್ಯಾರನ್ ಪಕ್ಕದ ಮನೆ, ಕಳೆದ ಮಾರ್ಚಿ.
ತೋಳಿಗೆ ಪಟ್ಟಿ ಸುತ್ತಿದಾಗ ಕೆಂಪು ಬಂದಿತ್ತು, ಹನ್ನೊಂದು ಬಿಂದು ನಾಲ್ಕು.
ಅವಳವ್ವ ಪಟ್ಟಿಯನ್ನಲ್ಲ, ನನ್ನ ಮುಖ ನೋಡುತ್ತಿದ್ದಳು.
ಒಂದು ನೂಲು ಸಡಿಲಿಸಿದೆ. ಹಳದಿ.
ಹನ್ನೆರಡು ಅಂತ ಬರೆದೆ.
ಬೆಳೆಯೋ ಕೂಸು.

ಸುಳ್ಳು ಅನ್ನಿಸಿರಲಿಲ್ಲ ಆಗ.
ಕೈಗೆ ಅದೇ ಅಭ್ಯಾಸ.

ತರಬೇತಿ ಮುಗಿದ ಮಾರನೆ ದಿನ ಬ್ಯಾರನ್ ದಾಟಿ ಹೋದೆ.
ಹಲಗೆ ಕಂಡು ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು:
“ಮಲಗಿಸಿ ಅಳೆಯೋದು ಯಾರನ್ನ, ಗೊತ್ತೇನೇ?”
ಗೊತ್ತು. ನನ್ನಪ್ಪನಿಗೂ ಗುಂಡಿ ತೋಡುವ ಮುಂಚೆ
ಬಿದಿರ ಕೋಲಲ್ಲಿ ಅಳತೆ ಹಿಡಿದಿದ್ದರು.
ಹಲಗೆಯನ್ನು ಗೋಡೆಗೆ ಒರಗಿಸಿದೆ. ಇವತ್ತಿಗೆ ತೋಳು ಸಾಕು.

ಭುಜಕ್ಕೂ ಮೊಣಕೈಗೂ ನಡುವೆ ಪೆನ್ನಿನ ಚುಕ್ಕೆ.
ಪಟ್ಟಿ ಚರ್ಮಕ್ಕೆ ತಾಗಬೇಕು, ಹಿಂಡಬಾರದು.
ರವಿಕೆಯ ತೋಳಿಗಾದರೆ ಎರಡು ಬೆರಳು ಸೇರಿಸುತ್ತಿದ್ದೆ.
ಸೇರಿಸಲಿಲ್ಲ.
ಹನ್ನೊಂದು ಬಿಂದು ಎರಡು.
ಮತ್ತೆ ಬಿಚ್ಚಿ ಸುತ್ತಿದೆ. ಹನ್ನೊಂದು ಬಿಂದು ಎರಡು.

“ಎಷ್ಟು ಬಂತಕ್ಕ?”
ಬಂದಷ್ಟೇ ಹೇಳಿದೆ.
ಹಾಸನದ ದೊಡ್ಡಾಸ್ಪತ್ರೆಯಲ್ಲಿ ಹದಿನಾಲ್ಕು ದಿನ ಮಂಚ,
ಅವಳಿಗೆ ಹದಿನಾಲ್ಕು ದಿನ ಎಲೆ ಕಟ್ಟುವ ಕೂಲಿ ಹೋಗುತ್ತೆ,
ಅದನ್ನೂ ಹೇಳಿದೆ, ಕಡಿಮೆ ಮಾಡದೆ.
ಬೈದಳು. ನನ್ನನ್ನೋ, ಗಂಡನನ್ನೋ, ಮಾರ್ಚಿಯನ್ನೋ,
ತಿಳಿಯಲಿಲ್ಲ.

ಏಳೂ ಹತ್ತರ ಬಸ್ಸಿಗೆ ಹತ್ತಿಸಿ ಬಂದೆ.
ಕಿಟಕಿಯಲ್ಲಿ ಚುಕ್ಕಿಯ ಕೈ; ಅಂಗಿಯ ತೋಳು
ಉಗುರು ಮುಚ್ಚುವಷ್ಟು ಉದ್ದ.
ನಾನೇ ಹೊಲಿದದ್ದು. ಒಂದಿಂಚು ಬಿಟ್ಟು.

ತಕ್ಕಡಿ ಇನ್ನೂ ಬದಲಾಗಿಲ್ಲ, ಅರ್ಜಿ ಕೊಟ್ಟಿದ್ದೇವೆ.
ಅಲ್ಲೀವರೆಗೆ ಪ್ರತಿ ಮಗುವಿನಿಂದ
ಇನ್ನೂರು ಗ್ರಾಂ ಕಳೆದು ಬರೆಯುತ್ತೇನೆ.